ಬರುವ ದಾರಿಯ ಹೊಲಿಗೆ

ಬೆಳಗಿನ ಎಂಟೂವರೆಗೆ ಇಬ್ಬರು ಹೆಂಗಸರು ಉದ್ದನೆಯ ಮೇಜಿನ ಆ ತುದಿಗೊಬ್ಬರು ಈ ತುದಿಗೊಬ್ಬರು ನಿಂತು, ಬಿಳಿ ಹೊದಿಕೆಯನ್ನು ನಾಲ್ಕು ಮೂಲೆ ಹಿಡಿದು ಎತ್ತಿದರು. ಹೊದಿಕೆಯ ಅಂಚು ಕೆಳಗಿನ ರೇಷ್ಮೆಗೆ ತಾಗಬಾರದು. ಅದರಿಂದ ಎದ್ದ ಗಾಳಿಯೂ ರೇಷ್ಮೆಗೆ ಬಡಿಯಬಾರದು. ಇಬ್ಬರೂ ಉಸಿರು ಹಿಡಿದು ಒಟ್ಟಿಗೇ ಎರಡು ಹೆಜ್ಜೆ ಪಕ್ಕಕ್ಕೆ ಸರಿದರು. ಆಮೇಲೆ ಒಬ್ಬರ ಕಡೆಗೊಬ್ಬರು ನಡೆದು ಬಂದು ಮೂಲೆಗೆ ಮೂಲೆ ಕೂಡಿಸಿದರು, ಮಡಚಿದರು, ಮತ್ತೆ ಮಡಚಿದರು. ಕೊನೆಗೆ ಹೊದಿಕೆ ಸೌಭಾಗ್ಯಳ ಕೈಗೆ ಬಂತು. ಅವಳು ಅದನ್ನು ಕಪಾಟಿನಲ್ಲಿಟ್ಟು ಕೈ ತೊಳೆಯಲು ಹೋದಳು. ಅಷ್ಟು ಹೊತ್ತೂ ಒಂದು ಮಾತಿಲ್ಲ.

ಮಾತಾಡಬೇಕೆಂದರೂ ಭಾಷೆ ಎಲ್ಲಿತ್ತು? ಫ್ರಾವ್ ಕೆಸ್ಲರ್ ಜರ್ಮನಿಯವರು, ಕಲೋನ್ ನಗರದಲ್ಲಿ ರೈನ್ ನದಿಯ ದಡದ ಒಂದು ಸಣ್ಣ ಸಂಗ್ರಹಾಲಯದಲ್ಲಿ ಹಳೆಯ ಬಟ್ಟೆಗಳನ್ನು ಕಾಪಾಡುವ ಕೆಲಸ ಅವರದು. ಸೌಭಾಗ್ಯ ಧಾರವಾಡದ ಕಾಮನಕಟ್ಟಿ ಓಣಿಯವಳು, ಕಸೂತಿ ಹಾಕುವವಳು, ಇಪ್ಪತ್ತಮೂರು ವರ್ಷ. ಎರಡು ತಿಂಗಳಲ್ಲಿ ಕೆಸ್ಲರ್ ಕಲಿತ ಕನ್ನಡ ಒಂದೇ ಒಂದು ಮಾತು: "ಕತ್ರಿ ಕೊಡ್ರಿ." ಸೌಭಾಗ್ಯ ದಿನವೂ ಕೇಳಿ ಕೇಳಿ ಅದು ಅವರ ಬಾಯಿಗೆ ಹತ್ತಿತ್ತು. ಈಗ ಅವರು ಕತ್ತರಿ ಬೇಕಾದಾಗ ಕೇಳುತ್ತಿದ್ದರು, ಬೇಡವಾದಾಗಲೂ ನಗಿಸಲೆಂದು ಕೇಳುತ್ತಿದ್ದರು. ಕೇಳಿದವರಿಗೆ ಕೇಳಿದ ತಕ್ಷಣ ಕೊಡುವುದು ಆ ಕೋಣೆಯ ರೀತಿಯಾಗಿತ್ತು.

ಮೇಜಿನ ಮೇಲೆ ಮಲಗಿದ್ದ ರೇಷ್ಮೆಗೆ ಸಾವಿರದ ಇನ್ನೂರು ವರ್ಷ. ಚೀನಾದ ಗಡಿಯಲ್ಲಿ, ಮರಳಿನಲ್ಲಿ ಹೂತುಹೋದ ಒಂದು ಕೋಟೆಯೂರಿನ ಮನೆಯಲ್ಲಿ, ಹೊಲಿಗೆಯ ಬುಟ್ಟಿಯೊಳಗೆ ಸಿಕ್ಕಿತ್ತು. ಚಳಿಗಾಲದ ಕೋಟಿಗೆ ಒಳಗಡೆ ಹಾಕುವ ಪದರ ಅದು. ಅದರ ಮೇಲೆ ಕಪ್ಪು ನೂಲಿನಲ್ಲಿ ಇಪ್ಪತ್ತನಾಲ್ಕು ಸಾಲು ಕವಿತೆ. ಹೊಲಿದವಳು, ಬರೆದವಳು ಒಬ್ಬಳೇ. ಹೆಸರು ಹಾಕಿರಲಿಲ್ಲ. ವಿದ್ವಾಂಸರು ಅವಳನ್ನು ಒಳಪದರದ ಕವಿ ಎಂದು ಕರೆಯುತ್ತಿದ್ದರು. ಅವಳ ತಂದೆ ಕುದುರೆಯ ಜೀನು ಹೊಲಿಯುವವನು, ಸೈನಿಕರಿಗೆ ಬಂದ ಕಾಗದಗಳನ್ನು ಓದಿ ಹೇಳುತ್ತಿದ್ದ ಮುದುಕನೊಬ್ಬನಿಂದ ಅವಳು ಅಕ್ಷರ ಕಲಿತಳು, ಗಂಡ ಕಣಿವೆಯ ಕಾವಲಿಗೆ ಹೋಗಿದ್ದ. ಇಷ್ಟೂ ಕವಿತೆಯಿಂದಲೇ ಗೊತ್ತಾದದ್ದು.

ಆ ರೇಷ್ಮೆಯನ್ನು ಬೆಳಕಿನಲ್ಲಿ ಹೆಚ್ಚು ದಿನ ಇಡುವ ಹಾಗಿಲ್ಲ. ಮೂರು ವಾರ ಜನರಿಗೆ ತೋರಿಸಿ ಕತ್ತಲೆಯ ಪೆಟ್ಟಿಗೆಗೆ ಸೇರಿಸಬೇಕು. ಅದರ ಜಾಗದಲ್ಲಿ ತೂಗಲು ಅಂಥದೇ ಇನ್ನೊಂದು ಬೇಕಿತ್ತು. ಎರಡೂ ಕಡೆ ಒಂದೇ ಥರ ಕಾಣುವ, ಎಲ್ಲೂ ಗಂಟಿಲ್ಲದ ಆ ಹೊಲಿಗೆ ಯಾರಿಗೆ ಬರುತ್ತದೆ ಎಂದು ಹುಡುಕುವಾಗ, ಹಿಂದೊಮ್ಮೆ ಧಾರವಾಡಕ್ಕೆ ಬಂದಿದ್ದ ಕೆಸ್ಲರ್‌ಗೆ ಕಸೂತಿ ಹಾಕುವ ಹೆಂಗಸರ ಒಂದು ಸಂಘ ನೆನಪಾಗಿತ್ತು. ಸಂಘದಲ್ಲಿ ಎಲ್ಲರಿಗಿಂತ ಸಣ್ಣವಳೂ, ಎಲ್ಲರಿಗಿಂತ ಕಡಿಮೆ ಮಾತಿನವಳೂ ಆದ ಸೌಭಾಗ್ಯಳನ್ನು ಮೂರು ತಿಂಗಳ ವೀಸಾದ ಮೇಲೆ ಕರೆಸಿದ್ದರು.

ಚೀನೀ ಅಕ್ಷರ ಅವಳಿಗೆ ಒಂದೂ ಬಾರದು. ಬರಬೇಕಾದದ್ದೂ ಇರಲಿಲ್ಲ. ತುಳಸಿಕಟ್ಟೆ, ಗೋಪುರ, ನವಿಲುಗಳನ್ನು ಎಳೆ ಎಣಿಸಿ ಹಾಕುವ ಹಾಗೆಯೇ ಆ ಅಕ್ಷರಗಳನ್ನೂ ಎಣಿಸಿ ಹಾಕಿದಳು. ಈ ಹೊಲಿಗೆಗೆ ಅವಳ ಊರಲ್ಲಿ ಗವಂತಿ ಎನ್ನುತ್ತಾರೆ. ಸೂಜಿ ಬಟ್ಟೆಯ ಮೇಲೆ ಒಂದು ಹೆಜ್ಜೆ, ಕೆಳಗೆ ಒಂದು ಹೆಜ್ಜೆ ಇಡುತ್ತಾ ಹೋಗುತ್ತದೆ. ಆಗ ಮೇಲೆ ಕಾಣುವುದು ಬಿಟ್ಟು ಬಿಟ್ಟು ಬಂದ ಗೆರೆ. ತುದಿ ಮುಟ್ಟಿ ಅದೇ ದಾರಿಯಲ್ಲಿ ಹಿಂದಕ್ಕೆ ಬರುವಾಗ ಬಿಟ್ಟ ಜಾಗಗಳೆಲ್ಲ ತುಂಬುತ್ತವೆ. ಹೋದರೆ ಅರ್ಧ, ಬಂದರೆ ಪೂರ್ತಿ. ಸೌಭಾಗ್ಯ ಮೊದಲ ಸಾಲಿನಿಂದ ಇಪ್ಪತ್ತನಾಲ್ಕನೆಯದರವರೆಗೆ ಹೋಗಿ, ತಿರುಗಿ, ಈಗ ಏಳನೆಯ ಸಾಲಿನವರೆಗೆ ಬಂದಿದ್ದಳು. ಇನ್ನು ಉಳಿದದ್ದು ಮೊದಲ ಆರು ಸಾಲು. ಪ್ರದರ್ಶನ ಶುರುವಾಗಲು ನಾಲ್ಕು ದಿನ.

ಆ ಆರು ಸಾಲುಗಳೇ ಈ ಪ್ರದರ್ಶನದ ಜೀವ. ಹಳೆಯ ರೇಷ್ಮೆಯಲ್ಲಿ ಅವು ಮಾಸಿದಂತೆ, ತುಂಡು ತುಂಡಾಗಿ ಕಾಣುತ್ತಿದ್ದವು. ಗಂಡ ಹೊರಟ ದಿನದ ಮಾತು ಆ ಸಾಲುಗಳಲ್ಲಿತ್ತು. ಒಳಪದರದ ಕವಿಯ ಬಗ್ಗೆ ಮೂವತ್ತು ವರ್ಷ ಕೆಲಸ ಮಾಡಿದ ಪ್ರೊಫೆಸರ್ ಹಾಲ್ಟರ್ ಅವು ಮಾಸಿದ್ದಕ್ಕೆ ಒಂದು ಕಾರಣ ಹೇಳಿದ್ದರು: ಗಂಡ ಮರಳಲಿಲ್ಲ, ಕೊಡಬೇಕಾದ ಕೋಟು ಹೊಲಿಯದೆ ಉಳಿಯಿತು, ಅವಳು ಬುಟ್ಟಿಯಿಂದ ಆ ಬಟ್ಟೆ ತೆಗೆತೆಗೆದು ಅತ್ತಳು, ಕಣ್ಣೀರು ಬಿದ್ದು ಬೆರಳು ಉಜ್ಜಿ ಆ ಸಾಲುಗಳ ನೂಲು ಸವೆದುಹೋಯಿತು. ಪ್ರದರ್ಶನಕ್ಕೆ 'ಕಣ್ಣೀರು ಕುಡಿದ ರೇಷ್ಮೆ' ಎಂದು ಹೆಸರಿಟ್ಟಿದ್ದೂ ಅವರೇ. ಸೌಭಾಗ್ಯ ಹೊಲಿಯುವ ಹೊಸ ಬಟ್ಟೆಯಲ್ಲಿ ಆರೂ ಸಾಲು ತುಂಬಿರಬೇಕು. ಆ ಕವಿ ಅಳುವುದಕ್ಕೆ ಮುಂಚೆ ಅದು ಹೇಗಿತ್ತು ಎಂದು ಜನ ನೋಡಬೇಕು.

ಸೌಭಾಗ್ಯ ಅದನ್ನು ನಂಬಿದ್ದಳು. ಪ್ರೊಫೆಸರು ಹೇಳಿದ ಮೇಲೆ ನಂಬದೆ ಏನು?

ಆ ಬೆಳಿಗ್ಗೆ ಕೆಸ್ಲರ್ ರೇಷ್ಮೆಯನ್ನು ಹೊಸ ಹಲಗೆಗೆ ಸೇರಿಸಬೇಕಿತ್ತು. ಇಷ್ಟು ವರ್ಷ ಅದು ಹಳೆಯ ಹಲಗೆಗೆ ಅಂಟಿಕೊಂಡೇ ಇತ್ತು. ಮೇಲೆದ್ದ ಒಂದು ಮೂಲೆ ಬಿಟ್ಟರೆ ಅದರ ಬೆನ್ನನ್ನು ಕಂಡವರೇ ಇರಲಿಲ್ಲ. ತೆಳುವಾದ ಎರಡು ಹಾಳೆಗಳ ನಡುವೆ ಹಿಡಿದು, ಇಬ್ಬರೂ ಕಣ್ಣಲ್ಲೇ ಒಂದು, ಎರಡು, ಮೂರು ಎಂದು ಎಣಿಸಿ, ಮಗ್ಗುಲು ಬದಲಿಸಿದರು. ಕೆಸ್ಲರ್ ಮೇಲಿನ ಹಾಳೆ ಸರಿಸಿದರು.

ಸೌಭಾಗ್ಯ ಬಗ್ಗಿದಳು. ಬಗ್ಗಿದವಳು ಬಹಳ ಹೊತ್ತು ಏಳಲಿಲ್ಲ.

ಹದಿನೆಂಟು ಸಾಲು ಮುಂದೆ ಹೇಗೋ ಹಿಂದೆಯೂ ಹಾಗೇ, ತುಂಬಿ ಕಪ್ಪಗೆ ಇದ್ದವು. ಕೋಟಿನೊಳಗೆ ಸೇರಿಹೋಗುವ, ಯಾರೂ ನೋಡದ ಬೆನ್ನನ್ನೂ ಆ ಕವಿ ಅಷ್ಟೇ ಚಂದ ಮಾಡಿದ್ದಳು. ಉಳಿದ ಆರು ಸಾಲು ಹಿಂದೆಯೂ ತುಂಡು ತುಂಡು. ಆದರೆ ಮುಂದೆ ಎಲ್ಲಿ ನೂಲಿತ್ತೋ ಹಿಂದೆ ಅಲ್ಲಿಲ್ಲ. ಮುಂದೆ ಎಲ್ಲಿಲ್ಲವೋ ಹಿಂದೆ ಅಲ್ಲಿದೆ. ಏಳನೆಯ ಸಾಲು ಮುಗಿದ ಕಡೆ, ಬೆರಳುದ್ದದ ನೂಲಿನ ತುದಿಯೊಂದು ಸಡಿಲಾಗಿ ಮಲಗಿತ್ತು.

ಅವಳು ತಲೆಯೆತ್ತಿ ಕೆಸ್ಲರ್ ಮುಖ ನೋಡಿದಳು. ಕೈ ಸನ್ನೆ ಮಾಡಿ, ಭೂತಗಾಜು ತರಿಸಿಕೊಂಡು, ಆ ತುದಿಯನ್ನೇ ನೋಡಿದಳು. ಆಮೇಲೆ ತನ್ನ ಮೇಜಿಗೆ ಹೋಗಿ ಕೂತಳು. ಅವತ್ತು ಒಂದು ಹೊಲಿಗೆಯನ್ನೂ ಹಾಕಲಿಲ್ಲ.

*

ಸೌಭಾಗ್ಯ ಇಳಿದುಕೊಂಡಿದ್ದದ್ದು ಸ್ಮಿತಾಳ ಮನೆಯಲ್ಲಿ. ಸ್ಮಿತಾ ಮೈಸೂರಿನವಳು, ಡ್ಯೂಸೆಲ್ಡಾರ್ಫಿನ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಪ್ರದರ್ಶನದ ಕಂಪ್ಯೂಟರ್ ಪರದೆಗಳನ್ನು ಮಾಡಿಕೊಡುತ್ತಿದ್ದದ್ದು ಅದೇ ಕಂಪನಿ. ಕನ್ನಡ ಗೊತ್ತಿರುವವಳು ಒಬ್ಬಳಿದ್ದಾಳೆ ಎಂದು ತಿಳಿದಾಗಿನಿಂದ ಸೌಭಾಗ್ಯಳ ಮಾತನ್ನು ದಾಟಿಸುವ ಕೆಲಸವೂ ಅವಳ ತಲೆಗೇ ಬಂದಿತ್ತು.

ಸಂಜೆ ಅಡುಗೆಮನೆಯಲ್ಲಿ ಸ್ಮಿತಾ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಅವಳ ಗಂಡ ಸುಹಾಸ್ ಮೇಜಿನ ಹತ್ತಿರ ಕೂತು ಫೋನ್ ನೋಡುತ್ತಿದ್ದ. ಸೌಭಾಗ್ಯ ಬಾಗಿಲಿಗೆ ಒರಗಿ ನಿಂತು, ಒಗ್ಗರಣೆಯ ಸದ್ದು ಇಳಿಯುವವರೆಗೆ ಕಾದಳು.

"ಅಕ್ಕಾರ, ಒಂದ್ ಮಾತ್ ಹೇಳ್ಲೇನ್ರಿ?"

"ಹೇಳೇ. ಅದಕ್ಕೂ ಪರ್ಮಿಷನ್ನಾ?"

"ಆಕಿ ಅತ್ತಿಲ್ರಿ."

"ಯಾರು?"

"ಆ ಹೆಣ್ಮಗಳ್ರಿ. ರೇಷ್ಮಿ ಅರಿವಿ ಮ್ಯಾಲೆ ಬರದಾಕಿ."

ಸ್ಮಿತಾ ಒಲೆ ಸಣ್ಣ ಮಾಡಿ ತಿರುಗಿದಳು. ಸೌಭಾಗ್ಯ ಪಾತ್ರೆ ಒರೆಸುವ ಬಟ್ಟೆಯನ್ನೇ ಎಳೆದುಕೊಂಡು, ಕುಪ್ಪಸದ ಅಂಚಿಗೆ ಚುಚ್ಚಿದ್ದ ಸೂಜಿ ತೆಗೆದು, ನಾಲ್ಕು ಬೆರಳು ಉದ್ದ ಹೊಲಿದು ತೋರಿಸಿದಳು.

"ನೋಡ್ರಿ, ಇದು ಹೋಗೂ ಹೊಲಿಗಿ. ಮುಂದ ಇದ್ದಲ್ಲಿ ಹಿಂದಿಲ್ಲ, ಹಿಂದ ಇದ್ದಲ್ಲಿ ಮುಂದಿಲ್ಲ. ಈಗ ತಿರುಗಿ ಬಂದ್ರ ತುಂಬತೈತಿ. ಆ ಆರ್ ಸಾಲು ಸವದಿಲ್ರಿ. ಆಕಿ ಅಲ್ಲಿತನಕ ಬಂದೇ ಇಲ್ಲ."

"ಅಂದ್ರೆ ಹೋಗಿ ಬರೋ ಟಿಕೆಟ್ಟು," ಎಂದ ಸುಹಾಸ್, ಫೋನ್ ಕೆಳಗಿಟ್ಟು.

"ಹೂಂರಿ. ಬರೂ ಮುಂದ ಆರ್ ಸ್ಟೇಶನ್ ಮದಲ ಇಳದಾಳ."

"ಇಳಿದಿಲ್ಲ ಬಿಡಮ್ಮ. ಇಲ್ಲಿ ಟ್ರೇನನ್ನೇ ನಿಲ್ಸಿರ್ತಾರೆ, ಹಳಿ ಮೇಲೆ ಎಲೆ ಬಿತ್ತು ಅಂತ."

"ರೀ, ಸುಮ್ನಿರ್ರಿ ನೀವು." ಸ್ಮಿತಾ ಬಟ್ಟೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಅವಳ ಮುಖ ಸಣ್ಣಗಾಯಿತು. "ಅಯ್ಯೋ ದೇವರೇ. ಸೌಭಾಗ್ಯ, ನಿಂಗೊತ್ತಾ? ನನ್ನ ಸ್ಕ್ರೀನ್ ತುಂಬಾ ಕಣ್ಣೀರು ಕಣೇ. ಒಂದೊಂದೇ ಹನಿ ಬಿದ್ದು ಅಕ್ಷರ ಕರಗೋ ಹಾಗೆ ಮಾಡಿದೀನಿ. ಮೂರು ವಾರ ಕೂತು! ಪುಸ್ತಕ ಬೇರೆ ಪ್ರಿಂಟಾಗಿ ಬಂದಿದೆ."

"ಅದಕ್ಕ ಹೇಳಾಕ ಹೆದರಿಕಿ ಆತ್ರಿ."

"ನಾಡಿದ್ದು ಪ್ರೊಫೆಸರ್ ಬರ್ತಾರೆ. ಹೇಳಲೇಬೇಕು ನೀನು."

"ನೀವ ಹೇಳ್ರೆಲಾ."

"ನಾನು ಭಾಷೆ ಬದಲಾಯಿಸ್ತೀನಿ. ಮಾತು ನಿಂದೇ ಇರಬೇಕು. ನಾನೇನು ಸೂಜಿ ಹಿಡಿದವಳಾ? ಗುಂಡಿ ಕಿತ್ತೋದ್ರೆ ಶರ್ಟನ್ನೇ ಎತ್ತಿಡ್ತೀನಿ."

"ಎರಡು ಎತ್ತಿಟ್ಟಿದಾಳೆ," ಎಂದ ಸುಹಾಸ್.

"ನಾ ಎಂಟನೇತ್ತಾ ಕಲ್ತಾಕಿ, ಅಕ್ಕಾರ. ಅವ್ರು ಮೂವತ್ತು ವರ್ಷ ಓದ್ಯಾರ."

"ಅವರು ಓದಿದಾರೆ. ಹೊಲಿದಿಲ್ವಲ್ಲ."

ಸೌಭಾಗ್ಯ ಸೂಜಿಯನ್ನು ಮತ್ತೆ ಕುಪ್ಪಸದ ಅಂಚಿಗೆ ಚುಚ್ಚಿಕೊಂಡಳು. ತಟ್ಟೆ ಹಾಕಿದಳು, ನೀರಿಟ್ಟಳು.

ಎಂಟನೇ ತರಗತಿಯನ್ನೂ ಅವಳು ಪೂರ್ತಿ ಕಲಿತವಳಲ್ಲ. ಅಜ್ಜಿ ಒಂದು ಮದುವೆಯ ಇಳಕಲ್ ಸೀರೆಗೆ ಕಸೂತಿ ಹಾಕುತ್ತಿದ್ದಾಗ ಕಣ್ಣಿಗೆ ಪೊರೆ ಬಂತು. ಸೀರೆ ಅರ್ಧಕ್ಕೆ ನಿಂತಿತು, ಮದುವೆ ಹತ್ತಿರವಾಗಿತ್ತು. "ನಾಕ್ ದಿನ ಕುಂದ್ರ ಬಾ" ಎಂದು ಅಜ್ಜಿ ಕರೆದಳು. ಆ ಸೀರೆಯ ಹಿಂದೆ ಇನ್ನೊಂದು ಸೀರೆ ಬಂತು. ಶಾಲೆಯ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ 'ಶಾಲೆ ಬಿಟ್ಟಿದ್ದಾಳೆ' ಎಂದು ಬರೆದರಂತೆ. ಪಾಟೀಚೀಲ ಮಾತ್ರ ಎರಡು ವರ್ಷ ಗೂಟದಲ್ಲೇ ಇತ್ತು. ಯಾರಾದರೂ ಕೇಳಿದರೆ ಅಜ್ಜಿ, "ಎದ್ದ್ ಬಂದಾಳ, ಹೋಗ್ತಾಳ" ಎನ್ನುತ್ತಿದ್ದಳು.

ಅಜ್ಜಿಗೆ ಹೊಲಿಗೆಯಲ್ಲಿ ಒಂದು ಕಟ್ಟಳೆಯಿತ್ತು. ನಡುವೆ ಏಳಬೇಕಾಗಿ ಬಂದರೆ ಸೂಜಿಯನ್ನು ಬಟ್ಟೆಯಲ್ಲಿ ಬಿಡಕೂಡದು. ಮಕ್ಕಳು ಓಡಾಡುವ ಮನೆ. ಹಾಗೆಂದು ನೂಲು ಕತ್ತರಿಸಲೂಕೂಡದು. ಸೂಜಿಯ ಕಣ್ಣಿನಿಂದ ನೂಲನ್ನು ಬಿಡಿಸಿ, ಸೂಜಿಯನ್ನು ದಿಂಬಿಗೆ ಚುಚ್ಚಿ, ನೂಲಿನ ತುದಿಯನ್ನು ಹಾಗೇ ಇಳಿಬಿಟ್ಟು ಏಳಬೇಕು. ಬಂದು ಅದೇ ತುದಿಯನ್ನು ಮತ್ತೆ ಪೋಣಿಸಿಕೊಳ್ಳಬೇಕು. ಕೆಲಸ ಮುಗಿದದ್ದಾದರೆ ತುದಿಯನ್ನು ಹೊಲಿಗೆಯೊಳಗೆ ಸೇರಿಸಿ, ಉಳಿದದ್ದನ್ನು ಕತ್ತರಿಸುತ್ತಾರೆ. ತುದಿ ಕಂಡರೆ ಮನೆಯವರಿಗೆಲ್ಲ ಗೊತ್ತು: ಇದು ನಿಂತ ಕೆಲಸವಲ್ಲ, ಇದನ್ನು ಯಾರೂ ಮುಟ್ಟಬಾರದು.

ಊಟವಾದ ಮೇಲೆ ಸೌಭಾಗ್ಯ ಎರಡು ಸಣ್ಣ ರೇಷ್ಮೆ ತುಂಡು ತೆಗೆದಳು. ಒಂದರ ಮೇಲೆ ಹೋಗಿ ಬಂದು ಗೆರೆ ತುಂಬಿದಳು. ಇನ್ನೊಂದರ ಮೇಲೆ ಬರೀ ಹೋಗಿ ನಿಲ್ಲಿಸಿದಳು. ಆಮೇಲೆ ಸ್ಮಿತಾಳ ಬಚ್ಚಲಿಗೆ ಹೋಗಿ, "ಅಕ್ಕಾರ, ಹಿಮ್ಮಡ ತಿಕ್ಕೂ ಕಲ್ಲು ನಾ ತುಗೊಂಡೇನ್ರಿ" ಎಂದಳು.

*

ಪ್ರೊಫೆಸರ್ ಹಾಲ್ಟರ್ ಎತ್ತರದ ಆಳು, ಎಪ್ಪತ್ತರ ಹತ್ತಿರ. ಬಂದಾಗಲೆಲ್ಲ ಸೌಭಾಗ್ಯಳಿಗೆ ಕೈ ಜೋಡಿಸಿ ನಮಸ್ಕಾರ ಮಾಡುತ್ತಿದ್ದರು; ಅವಳು ನಾಚಿ ಬಾಗಿಲ ಕಡೆ ನೋಡುತ್ತಿದ್ದಳು. ಅವತ್ತು ಅವಳು ಬಾಗಿಲ ಕಡೆ ನೋಡಲಿಲ್ಲ. ನಮಸ್ಕಾರ ಮಾಡಿ, ತುಂಬಿದ ರೇಷ್ಮೆ ತುಂಡನ್ನೂ ಕಲ್ಲನ್ನೂ ಅವರ ಕೈಗೆ ಕೊಟ್ಟಳು.

"ತಿಕ್ಕ್ರಿ."

ಪ್ರೊಫೆಸರು ಕಲ್ಲು ನೋಡಿದರು, ಸ್ಮಿತಾಳನ್ನು ನೋಡಿದರು.

"ಉಜ್ಜಿ ಅಂತಿದಾಳೆ, ಪ್ರೊಫೆಸರ್," ಎಂದು ಸ್ಮಿತಾ ಜರ್ಮನ್‌ನಲ್ಲಿ ಹೇಳಿದಳು. ಆ ಕಲ್ಲು ಯಾವುದೆಂದು ಅವಳು ಹೇಳಲಿಲ್ಲ.

ಪ್ರೊಫೆಸರು ಮೆಲ್ಲಗೆ ಉಜ್ಜಿದರು. "ಇನ್ನೂ ಜೋರ್ ತಿಕ್ಕ್ರಿ, ಮೂವತ್ತು ವರ್ಷ ತಿಕ್ಕಿದಂಗ ಆಗಬೇಕು," ಎಂದಳು ಸೌಭಾಗ್ಯ. ಸ್ಮಿತಾ ಅದರಲ್ಲಿ ಅರ್ಧವನ್ನು ಮಾತ್ರ ದಾಟಿಸಿದಳು. ನೂಲು ಜುಂಗು ಜುಂಗಾಗಿ ಎದ್ದು, ಗೆರೆ ಅಲ್ಲಲ್ಲಿ ಹರಿದು ಹೋಯಿತು. ಸೌಭಾಗ್ಯ ಅವರ ಕೈಯಲ್ಲೇ ತುಂಡನ್ನು ಮಗುಚಿದಳು. ಹಿಂದೆ ಗೆರೆ ಪೂರ್ತಿ ಇತ್ತು, ಕಪ್ಪಗೆ, ಏನೂ ಆಗದ ಹಾಗೆ.

ಎರಡನೆಯ ತುಂಡು ಕೊಟ್ಟಳು. ಮುಂದೆ ಬಿಟ್ಟು ಬಿಟ್ಟು ಬಂದ ಗೆರೆ, ಹಿಂದೆ ಅದೇ ಗೆರೆ, ಮುಂದೆ ಬಿಟ್ಟ ಜಾಗಗಳಲ್ಲಿ. ಆಮೇಲೆ ಅವರನ್ನು ಹಳೆಯ ರೇಷ್ಮೆಯ ಹತ್ತಿರ ಕರೆದುಕೊಂಡು ಹೋಗಿ ಅದರ ಬೆನ್ನು ತೋರಿಸಿ, ತಾನು ಹಿಂದೆ ಸರಿದು ನಿಂತಳು.

ಪ್ರೊಫೆಸರು ಬಗ್ಗಿದರು. ಕೆಸ್ಲರ್ ಭೂತಗಾಜು ಹಿಡಿದರು. ಅವರಿಗೆ ಆಗಲೇ ಅನುಮಾನ ಬಂದಿತ್ತು. ಎರಡು ದಿನದಿಂದ ಗಾಜು ಅವರ ಜೇಬಿನಲ್ಲೇ ಇತ್ತು. ಸೂಜಿ ಹೋದ ತೂತುಗಳನ್ನು ತೋರಿಸಿ ಜರ್ಮನ್‌ನಲ್ಲಿ ಏನೋ ಹೇಳಿದರು.

"ಹದಿನೆಂಟು ಸಾಲಲ್ಲಿ ಒಂದೊಂದು ತೂತಲ್ಲೂ ಎರಡೆರಡು ನೂಲು ಹೋಗಿದೆಯಂತೆ, ಅದಕ್ಕೆ ತೂತು ಅಗಲ. ಆರು ಸಾಲಲ್ಲಿ ತೂತು ಸಣ್ಣದು, ಒಂದೇ ನೂಲು," ಎಂದು ಸ್ಮಿತಾ ಸೌಭಾಗ್ಯಳ ಕಿವಿಯಲ್ಲಿ ಹೇಳಿದಳು.

"ಹೌದಲ್ರಿ," ಎಂದಳು ಸೌಭಾಗ್ಯ, ಎರಡೂ ಎರಡೂ ನಾಲ್ಕು ಎಂದು ಯಾರೋ ಹೇಳಿದ ಹಾಗೆ.

ಪ್ರೊಫೆಸರು ನೆಟ್ಟಗಾದರು. ಮುಖದಲ್ಲಿ ಸಿಟ್ಟಿರಲಿಲ್ಲ. ಮನೆಯಲ್ಲಿ ಇಟ್ಟ ಜಾಗದಲ್ಲಿ ವಸ್ತು ಇಲ್ಲದಿದ್ದರೆ ಮುಖ ಹೇಗಾಗುತ್ತದೋ ಹಾಗಿತ್ತು. ಮತ್ತೊಮ್ಮೆ ಬಗ್ಗಿ ನೋಡಿ ಒಂದು ಮಾತು ಹೇಳಿದರು.

"ಕಣ್ಣೀರು ಬಟ್ಟೆಯಲ್ಲಿ ಎರಡೂ ಕಡೆ ಇಳಿಯತ್ತಲ್ವಾ ಅಂತಿದಾರೆ. ಎರಡೂ ಕಡೆ ನೂಲು ಕೊಳೆತಿರಬಹುದು."

"ಕಣ್ಣೀರು ಎಳಿ ಎಣಿಸಿ ಬೀಳತೈತೇನ್ರಿ? ಮುಂದೊಂದು ಬಿಟ್ಟು ಹಿಂದೊಂದು?"

ಸ್ಮಿತಾಗೆ ನಗು ಬಂತು. ಕೆಮ್ಮಿ ಸರಿಮಾಡಿಕೊಂಡು ದಾಟಿಸಿದಳು. ಕೆಸ್ಲರ್ ಕಿಟಕಿಯ ಕಡೆ ತಿರುಗಿದರು, ಅವರ ಭುಜ ಅಲುಗುತ್ತಿತ್ತು. ಪ್ರೊಫೆಸರು ಕುರ್ಚಿ ಎಳೆದುಕೊಂಡು ಕೂತರು. ಕೂತವರು, ಇಡೀ ಕವಿತೆಯನ್ನು ಒಂದೊಂದೇ ಸಾಲು ಜರ್ಮನ್‌ನಲ್ಲಿ ಹೇಳತೊಡಗಿದರು, ತಮಗೆ ತಾವೇ ಎಂಬಂತೆ. ಸ್ಮಿತಾ ಸಿಕ್ಕಷ್ಟನ್ನು ಕನ್ನಡಕ್ಕೆ ತಂದಳು.

"ತೋಳಿಗೆ ಎರಡು ಪದರ, ಬೆನ್ನಿಗೆ ಮೂರು. ಗಡಿಯ ಗಾಳಿ ಬೆನ್ನ ಹಿಂದಿನಿಂದ ಬರುತ್ತದೆ... ನಿನ್ನ ಭುಜದ ಅಳತೆ ನನ್ನ ಕೈಗೆ ಗೊತ್ತು, ಕಾಗದ ಬರೆದು ಕೇಳಬೇಕಾಗಿಲ್ಲ... ನನ್ನ ಹೊಲಿಗೆ ಬಿಚ್ಚುವ ಗಾಳಿ ಇನ್ನೂ ಹುಟ್ಟಿಲ್ಲ."

ಸೌಭಾಗ್ಯ ಅದನ್ನು ಕೇಳಿದ್ದು ಅದೇ ಮೊದಲು. ಎರಡು ತಿಂಗಳು ಆ ಸಾಲುಗಳ ಒಂದೊಂದು ಗೆರೆಯನ್ನೂ ಎಣಿಸಿದ್ದಳು; ಅವು ಏನು ಹೇಳುತ್ತವೆ ಎಂದು ಯಾರೂ ಅವಳಿಗೆ ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ.

"ಜಂಬದಾಕಿ ಅದಾಳಲ್ರಿ," ಎಂದಳು, ಖುಷಿಯಿಂದ. "ಚಲೋ ಅದಾಳ."

ಸ್ಮಿತಾ ದಾಟಿಸಿದಳು. ಆ ಸಾಲನ್ನು ಹತಾಶೆಯ ಮಾತೆಂದು ತಾನು ಎರಡು ಪುಸ್ತಕಗಳಲ್ಲಿ ಬರೆದಿದ್ದೇನೆ ಎಂದರು ಪ್ರೊಫೆಸರು. ಆಮೇಲೆ ಬೇರೆಯೇ ದಾರಿ ಹಿಡಿದರು. ಸರಿ, ನೂಲು ಸವೆದಿಲ್ಲ, ಅವಳೇ ನಿಲ್ಲಿಸಿದ್ದಾಳೆ. ಯಾಕೆ ನಿಲ್ಲಿಸಿದಳು? ಗಂಡ ಸತ್ತ ಸುದ್ದಿ ಬಂದಿರಬೇಕು. ಅವನ ಮಾತಿರುವ ಸಾಲಿನ ಹತ್ತಿರ ಬರುವಾಗಲೇ ಬಂದಿರಬೇಕು. ಕೈಯಿಂದ ಸೂಜಿ ಬಿದ್ದಿರಬೇಕು.

"ಸೂಜಿ ಬಿದ್ದಿಲ್ರಿ," ಎಂದಳು ಸೌಭಾಗ್ಯ. "ತಗದಿಟ್ಟಾಳ."

ಅವಳೇ ಗಾಜು ಇಸಿದುಕೊಂಡು ಆ ಬೆರಳುದ್ದದ ತುದಿಯ ಮೇಲೆ ಹಿಡಿದಳು. ತುದಿಯಿಂದ ಸ್ವಲ್ಪ ಈಚೆಗೆ ನೂಲು ಮಡಿಕೆ ಬಿದ್ದಿತ್ತು. ಸೂಜಿಯ ಕಣ್ಣಿನಲ್ಲಿ ಸಿಕ್ಕಿಕೊಂಡು ಎಳೆಸಿಕೊಂಡ ನೂಲಿಗೆ ಬೀಳುವ ಮಡಿಕೆ. ತುದಿಯನ್ನು ಕತ್ತರಿಸಿರಲಿಲ್ಲ, ಹರಿದೂ ಇರಲಿಲ್ಲ. ಅಜ್ಜಿಯ ಕಟ್ಟಳೆಯನ್ನು ಅವಳು ಹೇಳುತ್ತಾ ಹೋದಳು, ಸ್ಮಿತಾ ದಾಟಿಸುತ್ತಾ ಹೋದಳು. ಅಷ್ಟು ಉದ್ದದ ಮಾತು ಅವಳ ಬಾಯಿಂದ ಆ ಕೋಣೆಯಲ್ಲಿ ಬಂದದ್ದು ಅದೇ ಮೊದಲು.

"ಸುದ್ದಿ ಕೇಳಿ ಎದೀ ಒಡದಾಕಿ, ಸೂಜಿ ಕಣ್ಣಾಗಿಂದ ದಾರ ಬಿಡಿಸಿ ಇಡ್ತಾಳೇನ್ರಿ? ಹಂಗ ಒಗದು ಓಡ್ತಾಳ. ಈಕಿ ಬಿಡಿಸಿ ಇಟ್ಟಾಳ. ಯಾರರ ಕರದಿರ್ತಾರ."

"ಯಾರು ಕರೆದಿರ್ತಾರೆ ಅಂತ ಕೇಳ್ತಿದಾರೆ."

"ಯಾರರ. ನೀರು ಬಂದಿರ್ತಾವ."

"ಸೌಭಾಗ್ಯ! ಅಲ್ಲೇನು ನಲ್ಲಿ ಇತ್ತೇನೇ? ವಾರಕ್ಕೊಂದ್ಸಲ ನೀರು ಬಿಡೋದು ನಿಮ್ಮ ಧಾರವಾಡದಲ್ಲಿ."

"ಮತ್ತ ಒಲಿ ಮ್ಯಾಲೆ ಏನರ ಇಟ್ಟಿರ್ತಾಳ ಬಿಡ್ರಿ. ಕೂಸು ಅತ್ತಿರತೈತಿ. ಅದ್ ನನಗೇನ್ ಗೊತ್ತು? ಬರಬೇಕಂತ ಎದ್ದಾಳ. ಅಷ್ಟ ಗೊತ್ತು."

"ಹಾಗಾದರೆ ಯಾಕೆ ಬರಲಿಲ್ಲ?" ಪ್ರೊಫೆಸರು ಇದನ್ನು ಸ್ಮಿತಾಳನ್ನು ನೋಡದೆ, ಸೌಭಾಗ್ಯಳನ್ನೇ ನೋಡಿ ಕೇಳಿದರು.

ಸೌಭಾಗ್ಯ ಯೋಚಿಸಿದಳು. "ಅದು ಅರಿವಿ ಮ್ಯಾಲೆ ಇಲ್ರಿ," ಎಂದಳು.

ಪ್ರೊಫೆಸರು ಎದ್ದು ಕಿಟಕಿಯವರೆಗೆ ಹೋದರು. ಹೊರಗೆ ನದಿಯ ಮೇಲೆ ಸರಕಿನ ದೋಣಿಯೊಂದು ನಿಧಾನಕ್ಕೆ ಹೋಗುತ್ತಿತ್ತು. ಅದು ಸೇತುವೆ ದಾಟುವವರೆಗೆ ಅವರು ನೋಡಿದರು. ಮರಳಿ ಬಂದು ಕೆಸ್ಲರ್ ಜೊತೆ ಮಾತಾಡಿದರು, ಆಮೇಲೆ ಸ್ಮಿತಾ ಜೊತೆ. ಸ್ಮಿತಾಳ ಕಣ್ಣು ಅಗಲವಾಯಿತು.

"ಒಪ್ಪಿದಾರೆ ಕಣೇ! ಆರು ಸಾಲು ತುಂಬೋದು ಬೇಡ, ಅವಳು ಹೇಗೆ ಬಿಟ್ಟಿದ್ದಾಳೋ ಹಾಗೇ ಇರಲಿ ಅಂತಿದಾರೆ. ಕಣ್ಣೀರಿನ ಬೋರ್ಡ್ ತೆಗೆಸ್ತಾರಂತೆ. ನನ್ನ ಅನಿಮೇಷನ್ನೂ ಹೋಯ್ತು, ಹೋಗ್ಲಿ. ಪುಸ್ತಕದಲ್ಲಿ ಒಂದು ಚೀಟಿ ಅಂಟಿಸಿ, ಅದರಲ್ಲಿ ನಿನ್ನ ಹೆಸರು ಹಾಕ್ತಾರಂತೆ."

ಸೌಭಾಗ್ಯ ತಲೆ ತಗ್ಗಿಸಿದಳು. ಕಿವಿ ಬಿಸಿಯಾಯಿತು. ತನ್ನ ಮೇಜಿಗೆ ಹೋಗಿ ಕೂತು, ಹೊಸ ಬಟ್ಟೆಯನ್ನು ಎಳೆದುಕೊಂಡಳು. ಏಳನೆಯ ಸಾಲು ಮುಗಿಯಲು ಎರಡು ಹೊಲಿಗೆ ಉಳಿದಿದ್ದವು. ಎಲ್ಲರೂ ನೋಡುತ್ತಿರುವಾಗಲೇ ಅವುಗಳನ್ನು ಹಾಕಿದಳು, ಅವಸರವಿಲ್ಲದೆ. ಹಾಕಿ, ಸೂಜಿಯ ಕಣ್ಣಿನಿಂದ ನೂಲನ್ನು ಬಿಡಿಸಿದಳು. ಸೂಜಿಯನ್ನು ದಿಂಬಿಗೆ ಚುಚ್ಚಿದಳು. ಬೆರಳುದ್ದದ ತುದಿ ರೇಷ್ಮೆಯ ಮೇಲೆ ಮಲಗಿತು.

ಪ್ರೊಫೆಸರು ಹತ್ತಿರ ಬಂದು, ಆ ತುದಿಯನ್ನು ತೋರಿಸಿ, ಮೃದುವಾಗಿಯೇ ಏನೋ ಹೇಳಿದರು.

ಸ್ಮಿತಾ ತಡೆದು ತಡೆದು ದಾಟಿಸಿದಳು. "ಆರು ಸಾಲಿನ ಮಾತು ಸರಿ ಅಂತಿದಾರೆ. ಆದ್ರೆ ಆ ನೂಲಿನ ತುದಿ... ಅದನ್ನ ಕತ್ತರಿಸಿ ಒಳಗೆ ಸೇರಿಸಿಬಿಡಿ ಅಂತಿದಾರೆ. ನೇತಾಡ್ತಿದ್ರೆ ನೋಡಿದ ಜನ ಕೆಲಸ ಅರೆಬರೆ ಅಂದ್ಕೋತಾರೆ. ಆಮೇಲೆ... ಕವಿತೆ ಅಂದ್ಮೇಲೆ ಎಲ್ಲಾದ್ರೂ ಮುಗೀಬೇಕಲ್ವಾ, ಇಲ್ಲಿ ಮುಗಿಸಿದಳು ಅಂತ ಹೇಳಬಹುದು, ಎದ್ದು ಹೋದಳು ಅಂತ ಹೇಗೆ ಹೇಳೋದು ಅಂತಿದಾರೆ."

ಪ್ರೊಫೆಸರು ಕೆಸ್ಲರ್ ಕಡೆ ತಿರುಗಿ ತಲೆಯಾಡಿಸಿದರು. ಕೆಸ್ಲರ್ ಒಮ್ಮೆ ಆ ತುದಿಯನ್ನು ನೋಡಿದರು. ಆಮೇಲೆ ತಟ್ಟೆಯಿಂದ ಕತ್ತರಿ ಎತ್ತಿಕೊಂಡು ಮೇಜಿನ ಹತ್ತಿರ ಬಂದರು. ಸಣ್ಣ ಬಾಯಿಯ, ಹರಿತವಾದ ಕತ್ತರಿ. ಎರಡು ತಿಂಗಳು ಇಬ್ಬರ ಕೈಯಲ್ಲೂ ಓಡಾಡಿದ್ದು.

ಸೌಭಾಗ್ಯ ಎಡಗೈಯನ್ನು ನೂಲಿನ ತುದಿಯ ಮೇಲೆ ಮುಚ್ಚಿದಳು. ಬಾಗಿಲ ಕಡೆ ನೋಡಲಿಲ್ಲ, ಸ್ಮಿತಾಳ ಕಡೆಯೂ ನೋಡಲಿಲ್ಲ. ಈ ಮಾತನ್ನು ಯಾರೂ ದಾಟಿಸಬೇಕಾಗಿರಲಿಲ್ಲ. ಬಲಗೈಯನ್ನು ಕೆಸ್ಲರ್ ಮುಂದೆ ಚಾಚಿ, ದಿನಾ ಕೇಳುವ ದನಿಯಲ್ಲೇ ಕೇಳಿದಳು:

"ಕತ್ರಿ ಕೊಡ್ರಿ."

ಕೆಸ್ಲರ್ ಕೇಳಿದ ತಕ್ಷಣ ಕೊಟ್ಟರು, ಸೌಭಾಗ್ಯ ಕತ್ತರಿಯನ್ನು ಮಡಿಲಲ್ಲಿಟ್ಟುಕೊಂಡಳು, ನೂಲಿನ ತುದಿ ಹಾಗೇ ಮಲಗಿತ್ತು.